ಹಿತ್ತಲಿನ ಗಂಧದ ಗಿಡ

ನಮ್ಮಂಥ ಹೆಂಗಸರಿಗೂ ಕಾಡಿನ ಕಾಯಿದೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಯಳಂದೂರಿನ ನಮ್ಮ ಮನೆಯ ಹಿತ್ತಲಲ್ಲಿ, ಕರಿಬೇವಿನ ಬುಡದಲ್ಲಿ, ಆ ಗಿಡ ಹುಟ್ಟುವ ತನಕ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಒಗ್ಗರಣೆಗೆ ನಾಲ್ಕು ಎಸಳು ಕರಿಬೇವು ಕೀಳಲು ಹೋದವಳು ಹಾಗೇ ನಿಂತುಬಿಟ್ಟೆ. ಗೇಣುದ್ದದ ಗಿಡ. ಎದುರುಬದುರಾಗಿ ಜೋಡಿ ಜೋಡಿ ಎಲೆ, ನವಿರಾದ ಕಾಂಡ. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹಾಕಿದ್ದೂ ಅಲ್ಲ. ಅದರ ಗುರುತನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಿಕ್ಕವಳಿದ್ದಾಗ ಅಂಥ ಗಿಡಗಳನ್ನು ನನ್ನ ಕೈಯಾರೆ ಎಷ್ಟು ಕಿತ್ತಿದ್ದೇನೋ ಲೆಕ್ಕವಿಲ್ಲ.

ಅತ್ತೆ ಬಂದು ಬಗ್ಗಿ ನೋಡಿ, "ಗಂಧದ ಗಿಡ ಕಣವ್ವ. ತಾನಾಗೇ ಬಂದದೆ. ಇರ್ಲಿ ಬುಡು" ಅಂದರು. ಸಂಜೆ ನಮ್ಮ ಮನೆಯವರು ಬಂದವರೇ, "ನಾಳೆ ಬೆಳಿಗ್ಗೆ ಕಿತ್ತು ಬಿಸಾಕು. ದೊಡ್ಡದಾದ ಮೇಲೆ ಕೋರ್ಟು ಕಚೇರಿ ಅಂತ ಅಲೆಯೋರು ಯಾರು?" ಅಂದರು. ಒಂದೇ ಗಿಡಕ್ಕೆ ಒಂದೇ ಮನೆಯಲ್ಲಿ ಎರಡು ತೀರ್ಪು! ನಾನು ಎರಡಕ್ಕೂ ಹೂಂಗುಟ್ಟಿ, ಸಾರಿಗೆ ಒಗ್ಗರಣೆ ಹಾಕಿದೆ.

ನನ್ನ ತವರು ಹನೂರಿನ ಆಚೆ, ಬೆಟ್ಟದ ಅಂಚಿನ ಒಂದು ಸಣ್ಣ ಊರು. ಅಲ್ಲಿ ಬೇಲಿ ಎಂದರೆ ಕಳ್ಳಿ, ಲಂಟಾನ, ಬಂದರೆ ಗಿಡ. ಮುಂಗಾರು ಬಿದ್ದು ಹದಿನೈದು ದಿನ ಕಳೆಯಿತೆಂದರೆ ಬೇಲಿಯ ನೆರಳಲ್ಲಿ ಗಂಧದ ಸಸಿಗಳು ತಲೆ ಎತ್ತುತ್ತಿದ್ದವು. ಗಂಧದ ಹಣ್ಣು ನೇರಳೆಗಿಂತ ಸಣ್ಣದು, ಮಾಗಿದಾಗ ಕಪ್ಪು. ಪಿಕಳಾರ, ಗೊರವಂಕಗಳಿಗೆ ಬಲು ಇಷ್ಟ. ತಿಂದು ಬೇಲಿಯ ಮೇಲೆ ಕೂತು ಬೀಜ ಉದುರಿಸಿ ಹೋಗುತ್ತವೆ. ಹಕ್ಕಿಗೆ ಯಾರ ಹೊಲ ಯಾರದೆಂದು ಗೊತ್ತೇ?

ನಮ್ಮ ಅಜ್ಜಿ ಮಕ್ಕಳನ್ನೆಲ್ಲ ಸಾಲಾಗಿ ಬೇಲಿಗೆ ಕಳಿಸುತ್ತಿದ್ದರು. "ಎಳೇದು ಇರುವಾಗ್ಲೇ ಕಿತ್ತಾಕ್ಬುಡಿ ಮಕ್ಳಾ. ಅದು ಸರ್ಕಾರದ ಗಿಡ. ನಮ್ ಬೇಲಿಲಿ ಸರ್ಕಾರ ಯಾಕ?"

ಅದೇ ಅಜ್ಜಿ ದೇವರ ಗೂಡಿನಲ್ಲಿ ಹಳೇ ರೇಷ್ಮೆ ಬಟ್ಟೆಯ ತುಂಡಿನಲ್ಲಿ ಸುತ್ತಿ ಒಂದು ಗಂಧದ ಕೊರಡು ಇಟ್ಟಿದ್ದರು. ಅವರ ಅತ್ತೆ ಕೊಟ್ಟಿದ್ದಂತೆ. ಶುಕ್ರವಾರ ಮತ್ತು ಹಬ್ಬದ ದಿನ ಮಾತ್ರ ಹೊರಗೆ ತೆಗೆದು, ಸಾಣೆಕಲ್ಲಿಗೆ ಎರಡು ತೊಟ್ಟು ನೀರು ಬಿಟ್ಟು ಏಳು ಸುತ್ತು ತೇಯುತ್ತಿದ್ದರು. ಎಂಟನೆಯ ಸುತ್ತು ತೇಯ್ದರೆ "ಸಾಕು, ಸವೀತದೆ" ಎಂದು ನಮ್ಮ ಕೈ ಹಿಡಿದುಬಿಡುತ್ತಿದ್ದರು. ಬೇಸಿಗೆಯಲ್ಲಿ ಬೆವರುಸಾಲೆಗೆ ಕೂಸುಗಳ ಕುತ್ತಿಗೆಗೆ ಹಚ್ಚುತ್ತಿದ್ದುದೂ ಆ ಕೊರಡಿನದೇ. ಒಳಗೆ ಕೊರಡಿಗೆ ಅಷ್ಟು ಮರ್ಯಾದೆ, ಹೊರಗೆ ಸಸಿಗೆ ಆ ಗತಿ. ಆಗ ನಮಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಸರ್ಕಾರದ ಮರ

ಅಜ್ಜಿಯ ಹೆದರಿಕೆ ಹುಸಿ ಅಲ್ಲ. ಮೈಸೂರು ಸೀಮೆಯಲ್ಲಿ 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷವೆಂದು ಸಾರಿದ. ಯಾರ ನೆಲದಲ್ಲಿ ಬೆಳೆದರೂ ಮರ ದೊರೆಯದು. ಟಿಪ್ಪು ಹೋದ, ಅರಸರು ಬಂದರು, ಆ ಮಾತು ಮಾತ್ರ ಉಳಿಯಿತು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರಿನಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಮೊದಲ ಮಹಾಯುದ್ಧದಿಂದ ಗಂಧದ ಕೊರಡು ಪರದೇಶಕ್ಕೆ ಹೋಗುವುದು ನಿಂತು ರಾಶಿ ಬಿದ್ದಿತ್ತು; ಅದನ್ನು ಇಲ್ಲೇ ಎಣ್ಣೆ ಮಾಡೋಣವೆಂಬ ಯೋಚನೆ. ನಾವು ನೀವು ಬಾಣಂತಿಗೆ, ಮದುವಣಗಿತ್ತಿಗೆ ತಪ್ಪದೆ ತರಿಸುವ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದ್ದು ಆ ಎಣ್ಣೆಯಿಂದಲೇ.

ನಮ್ಮ ಕಡೆಯ ಚರಿತ್ರೆ ಸ್ವಲ್ಪ ಗೋಜಲು. ಯಳಂದೂರು ಮೈಸೂರಿಗೆ ಸೇರಿದ್ದು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ಅರ್ಧ ಗಂಟೆಯ ಬಸ್ ದಾರಿಯಾದ ಕೊಳ್ಳೇಗಾಲ ಮಾತ್ರ 1956ರವರೆಗೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ಈಚೆಗೆ ಬೇರೆ ತಾಲ್ಲೂಕಾಗುವ ತನಕ ಕೊಳ್ಳೇಗಾಲದ ಒಳಗೇ ಇದ್ದದ್ದು. ಹೀಗೆ ಒಂದೇ ಬೆಟ್ಟದ ಸಾಲು, ಒಂದೇ ಗಂಧ, ಆದರೆ ಆಳುವವರು ಇಬ್ಬರು. ರಾಜ್ಯ ಒಂದಾದ ಮೇಲೆ 1963ರ ಅರಣ್ಯ ಕಾಯಿದೆ ಎಲ್ಲರಿಗೂ ಒಂದಾಯಿತು.

ಆ ಕಾಯಿದೆಯಲ್ಲಿ ಖಾಸಗಿ ನೆಲದ ಗಂಧವೂ ಸರ್ಕಾರದ್ದೇ. ಆದರೆ ಕಾಯುವ ಜವಾಬ್ದಾರಿ ಮಾತ್ರ ನೆಲದವನದು! ಮರ ಬಲಿತಾಗ ಇಲಾಖೆಯವರು ಬಂದು ಬುಡಸಮೇತ ಅಗೆದು ಒಯ್ಯುತ್ತಿದ್ದರು. ನೆಲದವನಿಗೆ ಬೋನಸ್ಸು ಎಂದು ಒಂದು ಪಾಲು. ಮಧ್ಯದಲ್ಲಿ ಕಳ್ಳರು ಕಡಿದರೆ ಮೊದಲ ಅನುಮಾನ ಅವನ ಮೇಲೆಯೇ. ಬೇರೆಯವರ ಒಡವೆಯನ್ನು ನಮ್ಮ ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈ ಕೊಡದೆ, ಕಳೆದರೆ ನೀನೇ ಹೊಣೆ ಎಂದಂತೆ. ಯಾವ ಸಂಸಾರವಂತೆ ಒಪ್ಪುತ್ತಾಳೆ? ಅಜ್ಜಿ ಒಪ್ಪಲಿಲ್ಲ. ಗಿಡವನ್ನು ಕಾಪಾಡಲೆಂದು ಬಂದ ಕಾಯಿದೆ, ಗಿಡ ಕಂಡರೆ ಕೈ ಬೇರಿಗೆ ಹೋಗುವಂತೆ ಮಾಡಿತ್ತು.

ಇನ್ನು ನಮ್ಮ ಕಡೆ ಆ ವರ್ಷಗಳ ಮಾತು. ಗಂಧ ಎಂಬ ಹೆಸರನ್ನೇ ಮೆಲ್ಲಗೆ ಹೇಳುತ್ತಿದ್ದ ಕಾಲ ಅದು. ಗೋಪಿನಾಥಂನಲ್ಲಿ ಹುಟ್ಟಿದ ವೀರಪ್ಪನ್ ಆನೆ ಕೊಂದ, ಗಂಧ ಕಡಿದ, ಕೊನೆಗೆ ಜನರನ್ನೇ ಕೊಂದ. ಆ ಊರಿನ ಜನರ ಮನಸ್ಸು ಗೆಲ್ಲಬೇಕೆಂದು ಅಲ್ಲೇ ಇದ್ದು, ಮಾರಮ್ಮನ ಗುಡಿ ಕಟ್ಟಿಸಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರ ನವೆಂಬರ್ 10ರಂದು ನಂಬಿಸಿ ಕರೆಸಿಕೊಂಡು ಕೊಂದುಹಾಕಿದ. ಮರುವರ್ಷ ರಾಮಾಪುರದ ಪೊಲೀಸ್ ಠಾಣೆ, ಮೀಣ್ಯದ ಹತ್ತಿರ ಎಸ್‌ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹಮದ್. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬಿಗೆ 22 ಜನ. 1973ರ 'ಗಂಧದ ಗುಡಿ'ಯಲ್ಲಿ ಅರಣ್ಯಾಧಿಕಾರಿಯಾಗಿ ಕಳ್ಳರನ್ನು ಅಟ್ಟಿಸಿಕೊಂಡು ಹೋದ ನಮ್ಮ ರಾಜಕುಮಾರ್ ಅವರನ್ನೇ 2000ದ ಜುಲೈನಲ್ಲಿ ದೊಡ್ಡ ಗಾಜನೂರಿನಿಂದ ಎತ್ತಿಕೊಂಡು ಹೋಗಿ 108 ದಿನ ಕಾಡಿನಲ್ಲಿಟ್ಟ. 2002ರಲ್ಲಿ ಕಾಮಗೆರೆಯಿಂದ ಹೊತ್ತೊಯ್ದ ಮಾಜಿ ಮಂತ್ರಿ ನಾಗಪ್ಪನವರು ಜೀವಸಹಿತ ಮರಳಲಿಲ್ಲ. 2004ರ ಅಕ್ಟೋಬರ್ 18ಕ್ಕೆ ವೀರಪ್ಪನ್ ಕಥೆ ಮುಗಿಯಿತು.

ಒಂದು ಕಡೆ ಅವನು, ಇನ್ನೊಂದು ಕಡೆ ಹುಡುಕುವವರು; ನಡುವೆ ಬೆಟ್ಟದಂಚಿನ ಬಡವರು. ಸೌದೆಗೆ ಹೋದ ಹೆಂಗಸು ಹೊತ್ತಿಗೆ ಸರಿಯಾಗಿ ಮನೆಗೆ ಬಂದರೆ ಸಾಕು ಎನ್ನುವಂತಿತ್ತು. ತನಿಖೆಯ ಹೆಸರಿನಲ್ಲಿ ಪಾಪದವರು ಪಟ್ಟ ಪಾಡು ಮಾನವ ಹಕ್ಕು ಆಯೋಗದವರೆಗೂ ಹೋಗಿ, ವರ್ಷಗಳ ಮೇಲೆ ಕೆಲವರಿಗೆ ಪರಿಹಾರ ಬಂತು. ಇಷ್ಟೆಲ್ಲ ಕಂಡ ಜನ ಬೇಲಿಯಲ್ಲಿ ಗಂಧದ ಸಸಿ ಬಿಟ್ಟುಕೊಂಡು ಕೂರುತ್ತಾರೆಯೇ?

ಬೈರಿಗೆ ತೂತು

ಕಾಯಿದೆ ಬದಲಾದದ್ದು 2001ರಲ್ಲಿ. ಆ ತಿದ್ದುಪಡಿಯ ಪ್ರಕಾರ ಯಾರ ನೆಲದಲ್ಲಿ ಗಂಧ ಬೆಳೆದಿದೆಯೋ ಮರ ಅವರದೇ. ಟಿಪ್ಪು ಕಾಲದಿಂದ ಲೆಕ್ಕ ಹಾಕಿದರೆ ಇನ್ನೂರು ವರ್ಷಕ್ಕೂ ಮಿಕ್ಕಿದ ಕಟ್ಟು ಸಡಿಲವಾದದ್ದು ಹೀಗೆ. ನಮ್ಮ ಅಣ್ಣ ಅದನ್ನು ಪೇಪರಿನಲ್ಲಿ ಓದಿ, ಹೊಲದ ಬದುವಿನಲ್ಲಿ ಹೇಗೋ ಅಜ್ಜಿಯ ಕಣ್ಣು ತಪ್ಪಿಸಿ ಬೆಳೆದಿದ್ದ ಒಂದು ಗಿಡವನ್ನು ಹಾಗೇ ಬಿಟ್ಟ. "ಮಗಳ ಮದುವೆ ಹೊತ್ತಿಗೆ ಇದೇ ಒಂದು ಗಂಟು" ಎಂದು ನಗುತ್ತಿದ್ದ. ನಾನು ತವರಿಗೆ ಹೋದಾಗೆಲ್ಲ ತೋರಿಸುತ್ತಿದ್ದ. ತೊಡೆ ಗಾತ್ರದ ಮರ, ತುದಿ ಜೋತುಬಿದ್ದ ಕೊಂಬೆ, ಗುಂಪು ಗುಂಪಾಗಿ ಸಣ್ಣ ಕೆಂಪು ಹೂವು. ಹೂವಿಗೆ ವಾಸನೆ ಇಲ್ಲ, ಎಲೆಗೂ ಇಲ್ಲ. ಪರಿಮಳವೆಲ್ಲ ನಡುವಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಸುತ್ತಲ ಬಿಳಿ ಮರಕ್ಕೆ ಏನೂ ಇಲ್ಲ. ಚೇಗು ಕಟ್ಟಲು ಶುರುವಾಗುವುದಕ್ಕೇ ಹತ್ತು ವರ್ಷದ ಮೇಲೆ ಬೇಕು, ಒಳ್ಳೆಯ ಬೆಲೆ ಬರಲು ಇಪ್ಪತ್ತು ಮೂವತ್ತು ವರ್ಷ.

ಏಳೆಂಟು ವರ್ಷದ ಕೆಳಗೆ ಒಂದು ದಿನ ಅತ್ತಿಗೆ ಹುಲ್ಲು ಕೊಯ್ಯಲು ಹೋದವರು ಮರದಲ್ಲಿ ಬೆರಳು ತೂರುವಷ್ಟು ತೂತು ನೋಡಿದರು. ಹುಳು ಕೊರೆದಿರಬೇಕು ಅಂದುಕೊಂಡರು. ಹುಳುವಲ್ಲ. ಒಳಗೆ ಚೇಗು ಎಷ್ಟು ಕಟ್ಟಿದೆ ಎಂದು ಕಳ್ಳರು ಬೈರಿಗೆ ಹಾಕಿ ನೋಡಿಹೋಗಿದ್ದರು. ಹತ್ತು ದಿನ ಕಳೆದು ಒಂದು ಮಳೆಯ ರಾತ್ರಿ, ಮರ ಹೋಯಿತು. ಬೆಳಿಗ್ಗೆ ನೋಡಿದರೆ ಮೊಳದೆತ್ತರದ ಕೊರಡು, ಒದ್ದೆ ನೆಲದ ಮೇಲೆ ಗರಗಸದ ಪುಡಿ. ಅತ್ತಿಗೆ ಹೇಳುತ್ತಿದ್ದರು, ಆವತ್ತು ಹೊಲವೆಲ್ಲ ಘಮಘಮ ಅನ್ನುತ್ತಿತ್ತಂತೆ. ಅಷ್ಟು ವರ್ಷ ನಮ್ಮದಾಗಿದ್ದ ಮರದ ವಾಸನೆ ನಮ್ಮವರಿಗೆ ಗೊತ್ತಾದದ್ದು ಅದು ಹೋದ ದಿನ.

ದೂರು ಕೊಡಲು ಹೋದರೆ, "ನೀವೇ ಮಾರಿಬಿಟ್ಟು ಕಳವು ಅಂತೀರಾ?" ಎಂಬ ಪ್ರಶ್ನೆ. ಹೋಗಿ ಬಂದು ಮಾಡಿ ಅಣ್ಣನ ಚಪ್ಪಲಿ ಸವೆಯಿತು. ಮರ ಇತ್ತು ಎಂಬುದಕ್ಕೆ ಕಾಗದ ಏನಿದೆ ಎಂದು ಕೇಳಿದರಂತೆ. ಏನೂ ಇರಲಿಲ್ಲ. ಪಹಣಿಯಲ್ಲಿ ರಾಗಿ ಎಂದಿತ್ತು, ಗಂಧ ಎಂದಿರಲಿಲ್ಲ. ಆ ವರ್ಷದ ಮುಂಗಾರಿನಲ್ಲಿ ಅಣ್ಣ ತಾನೇ ಬೇಲಿಯುದ್ದಕ್ಕೂ ಹೋಗಿ ಸಸಿಗಳನ್ನೆಲ್ಲ ಕಿತ್ತ. ಅಜ್ಜಿ ಇದ್ದಿದ್ದರೆ ಏನೂ ಅನ್ನುತ್ತಿರಲಿಲ್ಲ. ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದರು.

ಕಾಗದದ ಮಾತು

ನಮ್ಮ ಹಿತ್ತಲ ಗಿಡದ ಕಥೆಗೆ ಬರುತ್ತೇನೆ. ಒಂದು ವಾರ ನಾನು ಕಿತ್ತೂ ಇಲ್ಲ, ಬಿಡುವುದಾಗಿ ಹೇಳಿಯೂ ಇಲ್ಲ. ಕೊನೆಗೆ ಧೈರ್ಯ ಮಾಡಿ ಒಂದು ಮಧ್ಯಾಹ್ನ ಅತ್ತೆಯನ್ನೇ ಜೊತೆಗೆ ಕರೆದುಕೊಂಡು ಅರಣ್ಯ ಇಲಾಖೆಯ ಕಚೇರಿಗೆ ಹೋದೆ. ಸೀರೆ ಉಟ್ಟ ಇಬ್ಬರು ಹೆಂಗಸರು ಗೇಣುದ್ದದ ಗಿಡದ ಸಲುವಾಗಿ ಬಂದದ್ದು ನೋಡಿ ಅಲ್ಲಿದ್ದವರಿಗೆ ನಗು. ಆದರೂ ಒಬ್ಬರು ಕುರ್ಚಿ ಹಾಕಿ ಚೆನ್ನಾಗಿಯೇ ತಿಳಿಸಿ ಹೇಳಿದರು. ಅವರು ಹೇಳಿದ್ದನ್ನೂ ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಬರೆಯುತ್ತೇನೆ, ನಿಮ್ಮ ಮನೆಗೂ ಬೇಕಾದೀತು.

ಬೆಳೆಸುವುದಕ್ಕೆ ಯಾರ ಅಪ್ಪಣೆಯೂ ಬೇಡ. ಮರ ನಿಮ್ಮದೇ. ಆದರೆ ಕಡಿಯುವುದಕ್ಕೆ ಇಲಾಖೆಯ ಅನುಮತಿ ಬೇಕೇ ಬೇಕು, ಕಡಿದದ್ದನ್ನು ಸಾಗಿಸಲು ರಹದಾರಿಯೂ ಬೇಕು. ಒಣಗಿ ನಿಂತ ಮರವಾದರೂ ಸರಿ, ಗಾಳಿಗೆ ಬಿದ್ದ ಮರವಾದರೂ ಸರಿ, ಕೈ ಹಾಕುವ ಮೊದಲು ತಿಳಿಸಬೇಕು. ಮಾರುವ ನಿಯಮಗಳನ್ನು ಬರಬರುತ್ತಾ ಸಡಿಲಿಸಿದ್ದಾರೆ, 2022ರಲ್ಲಿ ಹೊಸ ಶ್ರೀಗಂಧ ನೀತಿಯೂ ಬಂತು. ಹಾಗೆಂದು ಊರಿಗೆ ಬಂದ ಯಾರೋ ಅಪರಿಚಿತ ವ್ಯಾಪಾರಿಗೆ ರಾತ್ರೋರಾತ್ರಿ ಕೊಟ್ಟರೆ, ಕೊಂಡವನ ಜೊತೆ ಕೊಟ್ಟವರಿಗೂ ಸೆರೆವಾಸ ಕಾದಿರುತ್ತದೆ. ಹೊಲದಲ್ಲಿ ಗಂಧ ಇದ್ದರೆ ಪಹಣಿಯಲ್ಲಿ ಎಷ್ಟು ಮರ ಎಂದು ನಮೂದು ಮಾಡಿಸಿಡಿ, ಇಲಾಖೆಗೂ ಬರೆದು ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ನಮ್ಮ ಅಣ್ಣ ಮಾಡದೆ ಉಳಿದ ಕೆಲಸ ಇದೇ. ಕಾಗದ ಇದ್ದಿದ್ದರೆ ಮರ ಉಳಿಯುತ್ತಿತ್ತೆಂದು ಹೇಳಲಾರೆ. ಅವನ ಮರ್ಯಾದೆಯಂತೂ ಉಳಿಯುತ್ತಿತ್ತು.

ಗಂಧಕ್ಕೆ ಮಾತ್ರ ಕಾಯಿದೆ ಎಂದುಕೊಳ್ಳಬೇಡಿ. 1976ರ ಮರಗಳ ಸಂರಕ್ಷಣಾ ಕಾಯಿದೆ ನಮ್ಮ ರಾಜ್ಯದಲ್ಲಿ ಜಾರಿಯಲ್ಲಿದೆ. ಹಿತ್ತಲಿನ ಬೇವು, ಬಾಗಿಲ ಮುಂದಿನ ಹೊಂಗೆ ಕಡಿಸುವುದಕ್ಕೂ ಅನುಮತಿ ಕೇಳಬೇಕು. ತೆಂಗು, ಅಡಿಕೆ, ಸರ್ವೆ, ನೀಲಗಿರಿ, ಸಿಲ್ವರ್ ಓಕಿನಂಥ ಕೆಲವಕ್ಕೆ ವಿನಾಯಿತಿ ಇದೆ. ಮನೆ ಕಟ್ಟಿಸುವಾಗ ಮೇಸ್ತ್ರಿ "ಅದೆಲ್ಲ ಯಾರ್ ಕೇಳ್ತಾರೆ ಅಕ್ಕ" ಎಂದು ಕೊಡಲಿ ಎತ್ತಿದರೆ ಒಂದು ನಿಮಿಷ ತಡೆಯಿರಿ.

ಅತ್ತೆಗೆ ಒಂದೇ ಅನುಮಾನ ಉಳಿದಿತ್ತು. "ಸ್ವಾಮಿ, ಗಂಧ ಪಕ್ಕದ ಗಿಡದ ರಸ ಹೀರ್ತದಂತಲ್ಲ, ನಮ್ ಕರಿಬೇವು ಒಣಗೋದ್ರೆ?" ಹೌದು, ಗಂಧ ಒಂಟಿಯಾಗಿ ಬಾಳುವ ಮರವಲ್ಲ. ನೆಲದೊಳಗೆ ಅದರ ಬೇರು ಪಕ್ಕದ ಗಿಡದ ಬೇರಿಗೆ ಕಚ್ಚಿಕೊಂಡು ನೀರು, ಉಪ್ಪಿನಂಶ ತೆಗೆದುಕೊಳ್ಳುತ್ತದೆ. ಅನ್ನವನ್ನು ಮಾತ್ರ ತನ್ನ ಹಸಿರೆಲೆಯಲ್ಲಿ ತಾನೇ ಮಾಡಿಕೊಳ್ಳುತ್ತದೆ. ಬಾಡಿಗೆಗೆ ಬಂದವಳು ನಮ್ಮ ನಲ್ಲಿಯ ನೀರು ಹಿಡಿದು, ಅಡಿಗೆ ತನ್ನ ಒಲೆಯಲ್ಲೇ ಮಾಡಿಕೊಂಡ ಹಾಗೆ. ಗಂಧದ ತೋಟ ಹಾಕುವವರು ಸಸಿಯ ಮಗ್ಗುಲಲ್ಲೇ ತೊಗರಿ ಬಿತ್ತುತ್ತಾರೆ, ಆಮೇಲೆ ಸರ್ವೆ, ಹೊಂಗೆ ಹೀಗೆ ದೊಡ್ಡ ಜೊತೆಗಾರರನ್ನು ಕೊಡುತ್ತಾರೆ. ಬರೀ ಗಂಧದ ಸಸಿಯನ್ನು ಕುಂಡದಲ್ಲಿ ಒಂಟಿಯಾಗಿ ನೆಟ್ಟು "ಏಳ್ತಾನೇ ಇಲ್ಲ" ಎಂದು ಬೇಸರ ಪಡುವವರು ಇದನ್ನು ನೆನಪಿಡಿ. ಬೇಲಿಯಲ್ಲಿ ಅದು ಚೆನ್ನಾಗಿ ಬರುವುದೂ ಇದಕ್ಕೇ.

ಅದಕ್ಕೊಂದು ರೋಗವೂ ಉಂಟು. ಎಲೆ ಸಣ್ಣಸಣ್ಣದಾಗಿ, ಕೊಂಬೆಗೆ ಮುಳ್ಳು ಸಿಕ್ಕಿಸಿದಂತೆ ನೆಟ್ಟಗೆ ನಿಂತರೆ ಅದು ಸ್ಪೈಕ್ ರೋಗ. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಿದ್ದು, ಔಷಧಿ ಇಲ್ಲದ ಕಾಯಿಲೆ. ಹತ್ತಿದ ಮರ ಕೆಲವೇ ವರ್ಷದಲ್ಲಿ ಒಣಗಿಹೋಗುತ್ತದೆ.

ನಮ್ಮ ನೆಲದ ಗಂಧ ಈಗ ಪಶ್ಚಿಮ ಆಸ್ಟ್ರೇಲಿಯಾದ ಕುನುನುರ್ರ ಎಂಬಲ್ಲಿ ಸಾವಿರಾರು ಎಕರೆಯಲ್ಲಿ ಸಾಲು ಹಿಡಿದು ಬೆಳೆಯುತ್ತಿದೆ. ಅಲ್ಲಿನವರು ನಮ್ಮ ಮರವನ್ನು ನೀರು ಕಟ್ಟಿ ಬೆಳೆಸುವ ಹೊತ್ತಿಗೆ ನಾವು ಬೇಲಿಯಲ್ಲಿ ಬಿಟ್ಟಿ ಬಂದದ್ದನ್ನು ಕಿತ್ತು ತಿಪ್ಪೆಗೆ ಹಾಕುತ್ತಿದ್ದೆವು! ಇದನ್ನು ಓದಿದ ದಿನ ನನಗೆ ನಿಜವಾಗಿ ಹೊಟ್ಟೆ ಉರಿಯಿತು.

ಕಚೇರಿಯಿಂದ ಬಂದ ಮೇಲಿನ ಒಂದು ಭಾನುವಾರ ನಾವೆಲ್ಲ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದೆವು. ಕಾಡಿನ ಒಳಗೆ ಭಾರ್ಗವಿ ಹೊಳೆಯ ದಂಡೆಯಲ್ಲಿ ದೊಡ್ಡ ಸಂಪಿಗೆ ಇದೆ. ನೀವು ನೋಡಿರದಿದ್ದರೆ ಒಮ್ಮೆ ನೋಡಬೇಕು. ಸಂಪಿಗೆ ಎಂದರೆ ಮುಡಿಗೆ ಏರಿಸುವ ಹೂವಿನ ಮರ ಎಂದಷ್ಟೇ ತಿಳಿದ ನನಗೆ ಅದರ ಬುಡ ಕಂಡು ಮಾತೇ ಹೊರಡಲಿಲ್ಲ. ಗಂಟು ಗಂಟಾದ ಬೊಡ್ಡೆ, ಬುಡದಲ್ಲಿ ಸಾಲು ಲಿಂಗಗಳು, ಕುಂಕುಮ. ಸೋಲಿಗರಿಗೆ ಅದು ದೇವರು. ಸಾವಿರಾರು ವರ್ಷದ್ದೆಂದು ಅವರ ನಂಬಿಕೆ. ಆ ಕಾಡು 1974ರಲ್ಲಿ ಅಭಯಾರಣ್ಯವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ತಮ್ಮ ಕಾಡಿನ ಮೇಲೆ ಸಮುದಾಯ ಹಕ್ಕೂ ಸಿಕ್ಕಿತು. ಈ ಕಾಯಿದೆಗಳೆಲ್ಲ ಹುಟ್ಟುವ ಎಷ್ಟೋ ತಲೆಮಾರು ಮೊದಲೇ ಸಂಪಿಗೆ ಅಲ್ಲಿ ನಿಂತಿತ್ತು. ಅದು ಸರ್ಕಾರದ ಮರ ಎಂದು ಸೋಲಿಗರಿಗೆ ಯಾರೂ ಹೇಳಿರಲಿಲ್ಲ. ತಮ್ಮದು ಎಂದುಕೊಂಡೇ ಕಾದರು. ಅತ್ತೆ ಅಲ್ಲಿ ಒಂದು ಕಾಯಿ ಒಡೆಸಿ, ಬರುವಾಗ ದಾರಿಯುದ್ದಕ್ಕೂ ಏನೂ ಮಾತಾಡಲಿಲ್ಲ.

ಆವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯವರು ತಾವಾಗಿಯೇ, "ಆ ಗಿಡಕ್ಕೆ ಒಂದು ಅಡ್ಡಕಟ್ಟು ಹಾಕಿಸ್ಬೇಕು, ಆಡು ಮೇಯ್ದುಬಿಡ್ತವೆ" ಅಂದರು. ನಾನು ಹೂಂ ಎಂದು ಇನ್ನೊಂದು ಸೌಟು ಸಾರು ಬಡಿಸಿದೆ.

ಗಿಡ ಈಗ ನನ್ನ ತಲೆಗಿಂತ ಎತ್ತರ. ಕರಿಬೇವು ಒಣಗಿಲ್ಲ, ಚಿಗುರು ಸ್ವಲ್ಪ ಕಮ್ಮಿ ಅಷ್ಟೆ. ಇಲಾಖೆಗೆ ಕೊಟ್ಟ ಅರ್ಜಿಯ ಸ್ವೀಕೃತಿಯನ್ನು ಅಜ್ಜಿಯ ಗಂಧದ ಕೊರಡಿನ ಜೊತೆಗೆ ಅದೇ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಕೊರಡು ಸವೆದು ಸವೆದು ಈಗ ಹೆಬ್ಬೆರಳಿನಷ್ಟಾಗಿದೆ. ಕಳ್ಳರ ಭಯ ಇಲ್ಲವೆಂದಲ್ಲ. ರಾತ್ರಿ ನಾಯಿ ಬೊಗಳಿದರೆ ಎದ್ದು ಹಿತ್ತಲ ದೀಪ ಹಾಕಿ ನೋಡುತ್ತೇನೆ. ಚೇಗು ಕಟ್ಟುವ ಕಾಲಕ್ಕೆ ನಾನು ಅರುವತ್ತು ದಾಟಿರುತ್ತೇನೆ, ಆಗ ಯಾರು ದೀಪ ಹಾಕುತ್ತಾರೋ.

ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯಾಕೆ ಬೇಲಿಯ ಆಚೆಯಿಂದ ಕೂಗಿದರು. "ಅಕ್ಕಾ, ನಮ್ ದಾಸವಾಳದ ಬುಡ್ದಲ್ಲಿ ನಿಮ್ ಗಿಡದಂಗೇ ಒಂದು ಹುಟ್ಟದೆ. ಕಿತ್ತಾಕ್ಲಾ?" ಕೈಯಲ್ಲಿದ್ದ ಹಿಟ್ಟು ತೊಳೆಯದೆ ಹಾಗೇ ಎದ್ದು ಹೋದೆ.